ಮನೆಯ ಮುದ್ರಣದಲ್ಲಿ ಛಾಯಾಚಿತ್ರದ ವರ್ಣಶುದ್ಧಿ

ಕನ್ನಡದ 'ಬಣ್ಣ' ಎಂಬುದು ಸಂಸ್ಕೃತದ 'ವರ್ಣ' ಶಬ್ದದ ತದ್ಭವ. ಮೂಲ ಶಬ್ದಕ್ಕೆ ಬಣ್ಣವೆಂಬ ಅರ್ಥವಿರುವಂತೆಯೇ ಅಕ್ಷರವೆಂಬ ಅರ್ಥವೂ ಉಂಟು. ಅಕ್ಷರವೊಂದು ತಪ್ಪಿದರೆ ಮಾತಿನ ಅರ್ಥ ಕೆಡುವಂತೆ, ಬಣ್ಣವೊಂದು ತಪ್ಪಿದರೆ ಚಿತ್ರದ ಅರ್ಥವೂ ಕೆಡುತ್ತದೆ. ಹೂವಿನ ಅಥವಾ ಗುಡ್ಡದ ಚಿತ್ರದಲ್ಲಿ ಈ ಕೇಡು ಅಷ್ಟಾಗಿ ಎದ್ದು ಕಾಣದಿರಬಹುದು. ಪರಿಚಿತವಾದ ಮನುಷ್ಯಮುಖದಲ್ಲಿ ಮಾತ್ರ ಅದನ್ನು ಮರೆಮಾಚಲಾಗದು.

ಇಂದು ಜೇಬಿನಲ್ಲಿರುವ ಮೊಬೈಲ್ ಫೋನೇ ಕ್ಯಾಮೆರಾ ಆಗಿದೆ. ಶಾಯಿಯ ಟ್ಯಾಂಕುಳ್ಳ ಸಣ್ಣ ಪ್ರಿಂಟರುಗಳು ಅನೇಕ ಮನೆಗಳಲ್ಲಿಯೂ ಶಾಲಾ ಕಚೇರಿಗಳಲ್ಲಿಯೂ ಸ್ಥಾನ ಪಡೆದಿವೆ. ಹಿಂದೆ ಸ್ಟುಡಿಯೋದವರ ಕತ್ತಲೆಕೋಣೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ಈಗ ಗೃಹಸ್ಥನು ತನ್ನ ಮೇಜಿನ ಮೇಲೆಯೇ ಮಾಡಿಕೊಳ್ಳಬಹುದು. ಆದರೆ ಹಾಗೆ ಮಾಡಿಕೊಂಡವರಲ್ಲಿ ಬಹುಮಂದಿಗೆ ಒಂದೇ ಬಗೆಯ ನಿರಾಶೆ ಎದುರಾಗುತ್ತದೆ. ತೆರೆಯ ಮೇಲೆ ಕಳೆಕಳೆಯಾಗಿದ್ದ ಅಜ್ಜಿಯ ಮುಖ ಕಾಗದದ ಮೇಲೆ ಹಸಿರಿಗೆ ತಿರುಗಿರುತ್ತದೆ. ಆಕೆ ಉಟ್ಟ ಇಳಕಲ್ ಸೀರೆಯ ದಾಳಿಂಬೆಗೆಂಪು ಇಟ್ಟಿಗೆಯ ಬಣ್ಣವಾಗಿರುತ್ತದೆ. ಪಕ್ಕದಲ್ಲಿ ಕುಳಿತ ಅಜ್ಜನ ಬಿಳಿಯ ರುಮಾಲು ನೀಲಿ ಛಾಯೆ ತಾಳಿರುತ್ತದೆ. ಆಗ ಯಂತ್ರ ಕೆಟ್ಟಿದೆಯೆಂದೋ ಶಾಯಿ ಕಳಪೆಯೆಂದೋ ಬೇಸರಿಸಿ, ಹೇಗೂ ಇರಲೆಂದು ಅದೇ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದುಂಟು.

ಇದು ಸಣ್ಣ ಸಂಗತಿಯಲ್ಲ. ಎಷ್ಟೋ ಮನೆಗಳಲ್ಲಿ ಅಗಲಿದ ಹಿರಿಯರ ವರ್ಣಚಿತ್ರವೆಂದರೆ ಯಾರದೋ ಮದುವೆಯಲ್ಲಿ ಮೊಬೈಲಿನಿಂದ ತೆಗೆದ ಒಂದೇ ಒಂದು ಚಿತ್ರ. ಅವರನ್ನು ಕಣ್ಣಾರೆ ಕಂಡವರು ಇರುವವರೆಗೆ ಚಿತ್ರದ ದೋಷವನ್ನು ನೆನಪು ತಿದ್ದಿಕೊಳ್ಳುತ್ತದೆ. ಕಾಣದೆ ಬೆಳೆಯುವ ಮೊಮ್ಮಕ್ಕಳಿಗೆ ಗೋಡೆಯ ಮೇಲಿನ ಕಾಗದವೇ ಅಜ್ಜಿಯ ಮುಖ. ಆದುದರಿಂದ ಆ ಕಾಗದದ ಬಣ್ಣ ನಿಜಕ್ಕೆ ಹತ್ತಿರವಾಗಿರಬೇಕಾದುದು ಅವಶ್ಯ. ದೋಷಕ್ಕೆ ಕಾರಣ ಹೆಚ್ಚಾಗಿ ಯಂತ್ರದಲ್ಲಿರುವುದಿಲ್ಲ. ಬಣ್ಣವು ಕ್ಯಾಮೆರಾದಿಂದ ತೆರೆಗೆ, ತೆರೆಯಿಂದ ಕಾಗದಕ್ಕೆ, ಕಾಗದದಿಂದ ಕಣ್ಣಿಗೆ ದಾಟುವಾಗ ಒಂದೊಂದು ದಾಟಿನಲ್ಲಿಯೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಜಾರುವ ಸ್ಥಳಗಳನ್ನು ಅರಿತು ಅಲ್ಲಲ್ಲಿಯೇ ತಡೆಯುವುದೇ ವರ್ಣಶುದ್ಧಿಯ ಮರ್ಮ.

ಭಾಸ್ವರ ಮತ್ತು ಅಭಾಸ್ವರ

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಒಂದು ವಿಭಾಗ ನೆನಪಿರಬಹುದು. ಕಣ್ಣಿನಿಂದ ಮಾತ್ರ ಗ್ರಹಿಸಲ್ಪಡುವ ಗುಣಕ್ಕೆ ರೂಪವೆಂದು ಹೆಸರು ಕೊಟ್ಟು ಅದನ್ನು ಏಳು ಬಗೆಯಾಗಿ ಎಣಿಸಿದ ಬಳಿಕ, ತೇಜಸ್ಸಿನಲ್ಲಿರುವುದು ಭಾಸ್ವರ ಶುಕ್ಲ, ಜಲದಲ್ಲಿರುವುದು ಅಭಾಸ್ವರ ಶುಕ್ಲ ಎಂದು ಅಲ್ಲಿ ಭೇದ ಮಾಡಲಾಗಿದೆ. ಅಂದರೆ ತಾನೇ ಹೊಳೆಯುವ ಬಿಳುಪು ಬೇರೆ, ಹೊಳೆಯದ ಬಿಳುಪು ಬೇರೆ. ಇಂದಿನ ಯಂತ್ರಗಳ ವಿಚಾರವನ್ನು ಹಳೆಯ ಗ್ರಂಥದಲ್ಲಿ ಹುಡುಕುವುದು ಸಲ್ಲದು. ಆದರೂ ಈ ಎರಡು ಮಾತುಗಳು ಪ್ರಸ್ತುತ ವಿಷಯಕ್ಕೆ ಬಹಳ ಚೆನ್ನಾಗಿ ಒದಗುತ್ತವೆ. ಮೊಬೈಲಿನ ಮತ್ತು ಕಂಪ್ಯೂಟರಿನ ತೆರೆಯ ಬಣ್ಣ ಭಾಸ್ವರ. ಅದು ತಾನೇ ಬೆಳಕನ್ನು ಹೊರಸೂಸುತ್ತದೆ. ಕಾಗದದ ಬಣ್ಣ ಅಭಾಸ್ವರ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಂಶವನ್ನು ನುಂಗಿ ಉಳಿದುದನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತದೆ.

ತೆರೆಯಲ್ಲಿ ಬಣ್ಣ ಹುಟ್ಟುವುದು ಕೂಡಿಸುವುದರಿಂದ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳು ಸೇರಿ ಬಿಳುಪಾಗುತ್ತದೆ. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ಇದನ್ನು ಪ್ರತ್ಯಕ್ಷ ಮಾಡಿ ತೋರಿಸಿದನು. ಪಟ್ಟೆಪಟ್ಟೆಯ ರಿಬ್ಬನ್ನೊಂದನ್ನು ಕೆಂಪು, ಹಸಿರು, ನೀಲಿ ಸೋಸುಗಳ ಮೂಲಕ ಮೂರು ಬಾರಿ ಚಿತ್ರಿಸಿ, ಆ ಮೂರು ಚಿತ್ರಗಳನ್ನು ಅವೇ ಬಣ್ಣದ ಬೆಳಕಿನಿಂದ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ನಿನ ಬಣ್ಣಗಳು ಮೂಡಿದುವು. ಕಾಗದದಲ್ಲಿ ನಡೆಯುವುದು ಇದಕ್ಕೆ ವಿಪರೀತವಾದ ಕಳೆಯುವ ಕ್ರಮ. ಸಯಾನ್ ಎಂಬ ಹಸಿರುನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ. ಮಜೆಂಟಾ ಎಂಬ ನೇರಳೆಗೆಂಪು ಹಸಿರನ್ನು ನುಂಗುತ್ತದೆ. ಹಳದಿ ನೀಲಿಯನ್ನು ನುಂಗುತ್ತದೆ. ಮೂರೂ ಸೇರಿದರೆ ಕಪ್ಪಿಗೆ ಸಮೀಪವಾದ ಕಂದು ಬರುತ್ತದೆಯಾದ ಕಾರಣ ನಾಲ್ಕನೆಯದಾಗಿ ಕಪ್ಪು ಶಾಯಿಯನ್ನು ಸೇರಿಸುತ್ತಾರೆ. ಈ ಕ್ರಮದಿಂದ ವರ್ಣಚಿತ್ರ ಪಡೆಯಬಹುದೆಂದು ಫ್ರಾನ್ಸಿನ ಲೂಯಿ ದ್ಯುಕೋ ದ್ಯು ಓರೋನ್ 1869ರಲ್ಲಿಯೇ ಗ್ರಂಥಮುಖೇನ ವಿವರಿಸಿದ್ದನು.

ಕನ್ನಡ ನಾಡಿಗೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲದಿಲ್ಲ. ಬೆಂಗಳೂರಿನಲ್ಲಿ ತಾವು ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಹೂಗಳ ಬಣ್ಣ ಮತ್ತು ಕಣ್ಣಿನ ವರ್ಣಗ್ರಹಣ ಇವುಗಳ ಅಧ್ಯಯನಕ್ಕೆ ಮೀಸಲಿಟ್ಟು, 1968ರಲ್ಲಿ ದೃಷ್ಟಿಯ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಈ ಎರಡು ಕ್ರಮಗಳ ಭೇದದಿಂದ ಒಂದು ಮುಖ್ಯ ನಿಯಮ ಹೊರಡುತ್ತದೆ: ತೆರೆಯ ಚಿತ್ರವನ್ನು ಕಾಗದವು ಎಂದಿಗೂ ಯಥಾವತ್ತಾಗಿ ಹೋಲಲಾರದು. ಸಾಧಾರಣವಾದ ತೆರೆಯಲ್ಲಿ ಅತ್ಯಂತ ಬೆಳಕಾದ ಬಿಂದುವು ಅತ್ಯಂತ ಕಪ್ಪಾದ ಬಿಂದುವಿಗಿಂತ ಸುಮಾರು 1000 ಪಾಲು ಪ್ರಕಾಶವುಳ್ಳದ್ದು. ಹೊಳಪು ಕಾಗದದಲ್ಲಿ ಈ ಅಂತರ ಸುಮಾರು 200 ಪಾಲು. ಹೊಳಪಿಲ್ಲದ ಕಾಗದದಲ್ಲಿ ಇನ್ನೂ ಬಹಳ ಕಡಮೆ. ಚೆಂಡುಹೂವಿನ ಕಿತ್ತಳೆ, ನವಿಲುಗೊರಳಿನ ನೀಲಿ ಮುಂತಾದ ಕೆಲವು ಬಣ್ಣಗಳು ತೆರೆಗೆ ಸಾಧ್ಯ, ನಾಲ್ಕು ಶಾಯಿಗಳ ಯಂತ್ರಕ್ಕೆ ಅಸಾಧ್ಯ. ಆದುದರಿಂದ ಮುದ್ರಿಸುವವನ ಗುರಿ ತೆರೆಯ ನಕಲು ಮಾಡುವುದಲ್ಲ. ಅಭಾಸ್ವರವಾದ ಕಾಗದದ ಮಿತಿಯೊಳಗೆ ಬಣ್ಣಗಳ ಪರಸ್ಪರ ಸಂಬಂಧವನ್ನು, ವಿಶೇಷವಾಗಿ ಮುಖದ ಬಣ್ಣವನ್ನು, ಕೆಡದಂತೆ ಉಳಿಸುವುದು ಅವನ ಗುರಿ.

ಮೊದಲನೆಯ ದಾಟು: ಬೆಳಕಿನಿಂದ ಕ್ಯಾಮೆರಾಕ್ಕೆ

ಬೆಳಕುಗಳೆಲ್ಲ ಒಂದೇ ಬಣ್ಣದವಲ್ಲ. ಇದನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುವರು. ಮೇಣದ ಬತ್ತಿಯ ಕೆಂಚನೆಯ ಬೆಳಕು ಸುಮಾರು 1900 ಕೆಲ್ವಿನ್. ತಂತಿ ಕಾಯ್ದು ಬೆಳಗುವ ಹಳೆಯ ಬಲ್ಬಿನದು ಸುಮಾರು 2700. ನಡುಹಗಲ ಬಿಸಿಲು ಸುಮಾರು 5500. ಬಯಲ ನೆರಳು 7000ಕ್ಕೂ ಮಿಕ್ಕು ನೀಲಿಯ ಕಡೆಗೆ ವಾಲಿದ್ದು. ಮನುಷ್ಯನ ಮನಸ್ಸು ಈ ಭೇದವನ್ನು ತಾನಾಗಿ ಸರಿಪಡಿಸಿಕೊಳ್ಳುವುದರಿಂದ ಬಿಳಿಯ ಧೋತರ ಎಲ್ಲೆಡೆಯೂ ಬಿಳಿಯದಾಗಿಯೇ ತೋರುತ್ತದೆ. ಕ್ಯಾಮೆರಾಕ್ಕೆ ಆ ವಿವೇಕವಿಲ್ಲ. ಅದು ಲೆಕ್ಕ ಹಾಕಿ ಊಹಿಸುತ್ತದೆ. ಈ ಊಹೆಗೆ ಬಿಳುಪಿನ ಸಮತೋಲ ಅಥವಾ ವೈಟ್ ಬ್ಯಾಲೆನ್ಸ್ ಎಂದು ಹೆಸರು.

ಊಹೆ ತಪ್ಪುವ ಸಂದರ್ಭಗಳು ಬಹಳ. ಬೇವಿನ ಮರದಡಿಯಲ್ಲಿ ಕುಳಿತವರ ಮುಖಕ್ಕೆ ಎಲೆಗಳ ಮೂಲಕ ಸೋಸಿಬಂದ ಹಸಿರು ಬೆಳಕು ಬೀಳುತ್ತದೆ. ಗುಲಾಬಿ ಬಣ್ಣದ ಶಾಮಿಯಾನದ ಕೆಳಗೆ ಮದುವೆಮನೆಯ ಮಂದಿಯೆಲ್ಲ ಗುಲಾಬಿಯಾಗುತ್ತಾರೆ. ಒಂದು ಪಕ್ಕದಲ್ಲಿ ಕಿಟಕಿಯ ಹಗಲು, ಮತ್ತೊಂದು ಪಕ್ಕದಲ್ಲಿ ದೀಪದ ಬೆಳಕು ಇದ್ದರೆ ಮುಖದ ಎರಡು ಕೆನ್ನೆಗಳು ಎರಡು ಬಣ್ಣ ತಾಳುತ್ತವೆ. ಇಂತಹ ಮಿಶ್ರಬೆಳಕಿನ ದೋಷವನ್ನು ಮುಂದೆ ತಿದ್ದುವುದು ಬಹು ಕಷ್ಟ. ಆದುದರಿಂದ ಮುದ್ರಿಸುವ ಉದ್ದೇಶವಿದ್ದಾಗ ಮುಖವನ್ನು ಒಂದೇ ಬಗೆಯ ಬೆಳಕಿನಲ್ಲಿ, ಪಡಸಾಲೆಯ ಬಾಗಿಲ ಬಳಿ ಬಿಸಿಲು ನೇರವಾಗಿ ಬೀಳದ ಕಡೆ, ಚಿತ್ರಿಸುವುದು ಉತ್ತಮ.

ಚಿತ್ರ ಆಗಲೇ ತೆಗೆದುದಾಗಿದ್ದರೆ ಅದರಲ್ಲಿ ಬಿಳಿಯದೋ ಬೂದು ಬಣ್ಣದ್ದೋ ಆದ ವಸ್ತುವೊಂದನ್ನು ಹುಡುಕಬೇಕು. ಚಿತ್ರ ತಿದ್ದುವ ಅನೇಕ ತಂತ್ರಾಂಶಗಳಲ್ಲಿ ಯಾವುದೇ ಬಿಂದುವಿನ ಕೆಂಪು, ಹಸಿರು, ನೀಲಿ ಅಂಶಗಳನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ತಿಳಿಯಬಹುದು. ಅಜ್ಜನ ರುಮಾಲಿನ ನೆರಳಿನ ಭಾಗದಲ್ಲಿ ಮೂರು ಅಂಕಿಗಳೂ ಹೆಚ್ಚುಕಡಮೆ ಸಮನಾಗಿದ್ದರೆ ಚಿತ್ರ ಶುದ್ಧ. ನೀಲಿ ಮಾತ್ರ ಮಿಕ್ಕಿದ್ದರೆ ಹಳದಿಯ ಕಡೆಗೆ ತಿದ್ದಬೇಕು. ಕಣ್ಣು ಒಗ್ಗಿಕೊಂಡು ಮೋಸಹೋಗುತ್ತದೆ, ಅಂಕಿ ಮೋಸಹೋಗದು.

ಮುಖದ ಬಣ್ಣ

ವರ್ಣಛಾಯಾಚಿತ್ರದ ಇತಿಹಾಸದಲ್ಲಿ ಮುಖದ ಬಣ್ಣಕ್ಕೆ ಸಂಬಂಧಿಸಿದ ಒಂದು ಸಂಗತಿ ಗಮನಾರ್ಹವಾದುದು. 1950ರ ದಶಕದಿಂದ ಕೊಡಾಕ್ ಸಂಸ್ಥೆಯು ಮುದ್ರಣಾಲಯಗಳಿಗೆ ಬಣ್ಣವನ್ನು ಸರಿಹೊಂದಿಸಿಕೊಳ್ಳಲೆಂದು ಒಂದು ಮಾದರಿ ಚಿತ್ರವನ್ನು ಕಳುಹಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಮೈಬಣ್ಣದ ಸ್ತ್ರೀ. ಮೊದಲ ಮಾದರಿಯಾದವಳ ಹೆಸರಿನಿಂದ ಆ ಕಾರ್ಡುಗಳಿಗೆ ಶರ್ಲಿ ಎಂದೇ ಹೆಸರಾಯಿತು. ಆಕೆಯ ಕೆನ್ನೆ ಸರಿಯಾಗಿ ಬಂದರೆ ಯಂತ್ರ ಸರಿಯೆಂದು ತೀರ್ಮಾನ. ಇದರ ಫಲವಾಗಿ ಕಪ್ಪು ಹಾಗೂ ಕಂದು ಮೈಬಣ್ಣದವರ ಮುಖಗಳ ಸೂಕ್ಷ್ಮಗಳು ಚಿತ್ರಗಳಲ್ಲಿ ಕತ್ತಲೆಗೂಡಿ ಅಳಿಸಿಹೋಗುತ್ತಿದ್ದುವು. ಹಲವು ಮೈಬಣ್ಣಗಳ ಮಾದರಿ ಕಾರ್ಡುಗಳು ಬಂದದ್ದು 1990ರ ದಶಕದಲ್ಲಿ. ಇದಕ್ಕೆ ಮುಂಚೆ 1976ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ 24 ಚೌಕಗಳ ವರ್ಣಫಲಕದಲ್ಲಿ ಮೊದಲನೆಯ ಚೌಕವನ್ನು ಕಪ್ಪು ಮೈಬಣ್ಣಕ್ಕೂ ಎರಡನೆಯದನ್ನು ಬಿಳಿಯ ಮೈಬಣ್ಣಕ್ಕೂ ಕೊಟ್ಟಿರುವುದು ಸ್ತುತ್ಯವಾದುದು.

ಹಳೆಯ ದೋಷ ಹೋಯಿತಾದರೂ ಅದರ ಜಾಗದಲ್ಲಿ ಹೊಸದೊಂದು ಬಂದಿದೆ. ಅನೇಕ ಮೊಬೈಲುಗಳು ಕೇಳದೆಯೇ ಮುಖವನ್ನು ತಿಳಿಗೊಳಿಸಿ, ಸುಕ್ಕುಗಳನ್ನು ಅಳಿಸಿ ಕೊಡುತ್ತವೆ. ಕೆಲವರು ತಾವಾಗಿಯೂ ಹಿರಿಯರ ಮುಖವನ್ನು ಬೆಳ್ಳಗೆ ಮಾಡಿಸುವುದುಂಟು. ಎಣ್ಣೆಗಪ್ಪು, ಗೋಧಿಬಣ್ಣ, ಕೆಂಚು ಎಂದು ಮೈಬಣ್ಣಕ್ಕೆ ಇಷ್ಟೊಂದು ಹೆಸರಿಟ್ಟುಕೊಂಡ ಜನ ಚಿತ್ರದಲ್ಲಿ ಮಾತ್ರ ಎಲ್ಲರನ್ನೂ ಒಂದೇ ಬಿಳುಪಿಗೆ ತರುವುದು ವಿಚಿತ್ರವೇ ಸರಿ. ಹೊಲದ ಬಿಸಿಲಿನಲ್ಲಿ ಅರವತ್ತು ವರ್ಷ ದುಡಿದವನ ಮುಖದಿಂದ ಆ ಬಿಸಿಲನ್ನು ತೊಡೆದರೆ ಉಳಿಯುವುದು ಅವನ ಮುಖವಲ್ಲ.

ಪರೀಕ್ಷೆಗೆ ಇಲ್ಲಿಯೂ ಅಂಕಿಗಳುಂಟು. ಮೈಬಣ್ಣ ಯಾವುದೇ ಆಗಿರಲಿ, ಶುದ್ಧವಾದ ಹಗಲು ಬೆಳಕಿನಲ್ಲಿ ತೆಗೆದ ಮುಖದಲ್ಲಿ ಕೆಂಪು ಎಲ್ಲಕ್ಕಿಂತ ಹೆಚ್ಚು, ಹಸಿರು ಅದಕ್ಕಿಂತ ಕಡಮೆ, ನೀಲಿ ಎಲ್ಲಕ್ಕೂ ಕಡಮೆ. ಜನರ ಮೈಬಣ್ಣಗಳ ನಡುವಿನ ಭೇದವು ಮುಖ್ಯವಾಗಿ ಬೆಳಕು ಕತ್ತಲೆಗಳ ಪ್ರಮಾಣದ್ದು. ಮೂರು ಅಂಶಗಳ ಈ ಕ್ರಮ ಎಲ್ಲರಲ್ಲಿಯೂ ಒಂದೇ. ಹಸಿರು ಕೆಂಪನ್ನು ಸಮೀಪಿಸಿದರೆ ಮುಖ ರೋಗಿಯದಾಗುತ್ತದೆ. ನೀಲಿಯು ಹಸಿರನ್ನು ಮೀರಿದರೆ ಮುಖ ನೇರಳೆಯಾಗುತ್ತದೆ.

ಎರಡನೆಯ ದಾಟು: ತೆರೆ

ಮುದ್ರಣ ಮಸುಕಾಗಿ ಬಂತೆಂಬ ದೂರಿನಲ್ಲಿ ಬಹುಪಾಲಿಗೆ ತೆರೆಯ ಅತಿಪ್ರಕಾಶವೇ ಕಾರಣ. ಅಂಗಡಿಯಿಂದ ಬಂದ ಮಾನಿಟರು ಸಾಮಾನ್ಯವಾಗಿ ಚದರ ಮೀಟರಿಗೆ 250 ಕ್ಯಾಂಡೆಲಾಕ್ಕೂ ಹೆಚ್ಚಿನ ಪ್ರಕಾಶ ಕೊಡಬಲ್ಲುದು. ಮುದ್ರಣದ ಕೆಲಸಕ್ಕೆ 80ರಿಂದ 120 ಸಾಕು. ಅತಿಯಾಗಿ ಹೊಳೆಯುವ ತೆರೆಯಲ್ಲಿ ಕತ್ತಲಾದ ಚಿತ್ರವೂ ಬೆಳಕಾಗಿ ಕಾಣುವುದರಿಂದ ನೋಡುವವನು ಅದನ್ನು ತಿದ್ದದೆ ಬಿಡುತ್ತಾನೆ. ಹೊಳಪಿಲ್ಲದ ಕಾಗದದಲ್ಲಿ ನಿಜ ಹೊರಬೀಳುತ್ತದೆ. ತೆರೆಯ ಪಕ್ಕದಲ್ಲಿ ಒಂದು ಬಿಳಿಯ ಹಾಳೆ ಹಿಡಿದು, ತೆರೆಯ ಬಿಳುಪು ಅದಕ್ಕಿಂತ ಬಹಳ ಮಿನುಗದಂತೆ ಪ್ರಕಾಶವನ್ನು ಇಳಿಸಿಕೊಳ್ಳುವುದು ಸುಲಭವಾದ ಉಪಾಯ.

ತೆರೆಯ ಬಿಳುಪನ್ನು 6500 ಕೆಲ್ವಿನ್ನಿಗೆ ಇಡಬೇಕು. ಸಂಜೆಯಾದೊಡನೆ ತೆರೆಯನ್ನು ಹಳದಿಗೊಳಿಸುವ ಏರ್ಪಾಡನ್ನೂ, ಕೋಣೆಯ ಬೆಳಕಿಗೆ ತಕ್ಕಂತೆ ಪ್ರಕಾಶ ಏರಿಳಿಯುವ ಏರ್ಪಾಡನ್ನೂ ಕೆಲಸದ ಹೊತ್ತಿನಲ್ಲಿ ನಿಲ್ಲಿಸಬೇಕು. ಮೊಬೈಲಿನ ತೆರೆಯಲ್ಲಿ ಬಣ್ಣಗಳನ್ನು ಉದ್ದೀಪಿಸಿ ತೋರಿಸುವ ಆಯ್ಕೆಯಿದ್ದರೆ ಅದನ್ನು ಬಿಟ್ಟು ಸಹಜವೆಂಬುದನ್ನು ಆರಿಸಬೇಕು. ಹೆಚ್ಚು ಮುದ್ರಿಸುವವರು, ತೆರೆಗೆ ತಗುಲಿಸಿ ಬಣ್ಣ ಅಳೆಯುವ ಕಲರಿಮೀಟರ್ ಎಂಬ ಸಣ್ಣ ಉಪಕರಣವನ್ನು ಕೊಳ್ಳಬಹುದು; ಒಂದು ಶಾಲೆಗೆ ಇಂತಹುದೊಂದಿದ್ದರೆ ಹಲವು ತೆರೆಗಳಿಗೆ ಆಗುತ್ತದೆ.

ಮೂರನೆಯ ದಾಟು: ಅನುವಾದ

ತೆರೆಯ ಭಾಷೆ ಮೂರು ಬೆಳಕುಗಳದು, ಪ್ರಿಂಟರಿನ ಭಾಷೆ ನಾಲ್ಕು ಶಾಯಿಗಳದು. ಒಂದನ್ನು ಮತ್ತೊಂದಕ್ಕೆ ಅನುವಾದಿಸಲು ನಿಘಂಟು ಬೇಕು. ಆ ನಿಘಂಟಿಗೆ ಪ್ರೊಫೈಲ್ ಎಂದು ಹೆಸರು. ಇಂತಹ ಶಾಯಿ ಇಂತಹ ಕಾಗದದ ಮೇಲೆ ಬಿದ್ದಾಗ ಕಣ್ಣಿಗೆ ಕಾಣುವ ಬಣ್ಣ ಯಾವುದೆಂಬುದನ್ನು ಅಳೆದು ಬರೆದಿಟ್ಟ ಕೋಷ್ಟಕವದು. ಎಲ್ಲ ಯಂತ್ರಗಳಿಗೂ ಸಲ್ಲುವ ಒಂದೇ ಪದ್ಧತಿಯನ್ನು ಏರ್ಪಡಿಸಲು 1993ರಲ್ಲಿ ಹಲವು ಕಂಪನಿಗಳು ಕೂಡಿ ಅಂತರರಾಷ್ಟ್ರೀಯ ವರ್ಣಮಂಡಲಿಯೊಂದನ್ನು ಸ್ಥಾಪಿಸಿದುವು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಪ್ರಸ್ತಾಪಿಸಿ 1999ರಲ್ಲಿ ಅಂತರರಾಷ್ಟ್ರೀಯ ಮಾನವಾದ ಎಸ್‌ಆರ್‌ಜಿಬಿ ಎಂಬುದು ಡಿಜಿಟಲ್ ಚಿತ್ರಗಳ ಸಾಮಾನ್ಯ ಭಾಷೆ. 1998ರಲ್ಲಿ ಬಂದ ಅಡೋಬ್ ಆರ್‌ಜಿಬಿ ಅದಕ್ಕಿಂತ ವಿಸ್ತಾರವಾದುದು. ಅಡೋಬ್ ಆರ್‌ಜಿಬಿಯಲ್ಲಿ ಬರೆದುದನ್ನು ಎಸ್‌ಆರ್‌ಜಿಬಿ ಎಂದು ಭಾವಿಸಿ ಓದಿದರೆ ಬಣ್ಣಗಳೆಲ್ಲ ಕಳೆಗುಂದಿ ಕಾಣುತ್ತವೆ. ಹೆಚ್ಚಿನ ಪರಿಶ್ರಮಕ್ಕೆ ಸಿದ್ಧರಿಲ್ಲದವರು ಎಸ್‌ಆರ್‌ಜಿಬಿಯನ್ನೇ ಆರಿಸಿಕೊಳ್ಳುವುದು ಕ್ಷೇಮ.

ಇಲ್ಲಿ ನಡೆಯುವ ಅತಿ ಸಾಮಾನ್ಯವಾದ ತಪ್ಪು ಎರಡು ಬಾರಿ ಅನುವಾದ ಮಾಡುವುದು. ಮುದ್ರಿಸುವಾಗ ಬಣ್ಣದ ಹೊಣೆ ಯಾರದೆಂಬ ಪ್ರಶ್ನೆ ತೆರೆಯ ಮೇಲೆ ಬರುತ್ತದೆ: ಪ್ರಿಂಟರಿನದೋ, ಚಿತ್ರ ತಿದ್ದುವ ತಂತ್ರಾಂಶದ್ದೋ? ತಂತ್ರಾಂಶಕ್ಕೆ ಹೊಣೆ ಕೊಟ್ಟು ಕಾಗದಕ್ಕೆ ತಕ್ಕ ಪ್ರೊಫೈಲನ್ನು ಆರಿಸಿದರೆ ಪ್ರಿಂಟರಿನ ಕಡೆಯ ವರ್ಣಪರಿಷ್ಕರಣವನ್ನು ಕಡ್ಡಾಯವಾಗಿ ನಿಲ್ಲಿಸಬೇಕು. ಪ್ರಿಂಟರಿಗೆ ಹೊಣೆ ಕೊಟ್ಟರೆ ತಂತ್ರಾಂಶ ಸುಮ್ಮನಿರಬೇಕು. ಕನ್ನಡದಿಂದ ಮರಾಠಿಗೆ ಒಮ್ಮೆ ಅನುವಾದಗೊಂಡ ಲೇಖನವನ್ನು ಕನ್ನಡವೆಂದೇ ತಿಳಿದು ಮತ್ತೊಬ್ಬನು ಪುನಃ ಅನುವಾದಿಸ ಹೊರಟರೆ ಏನಾದೀತೋ, ಇಬ್ಬರೂ ಕೈಹಾಕಿದ ಚಿತ್ರಕ್ಕೂ ಅದೇ ಗತಿ. ಮುಖ ಕಾರಣವಿಲ್ಲದೆ ಕೆಂಪೇರಿ ಬಂದಾಗ ಮೊದಲು ಇದನ್ನೇ ಪರೀಕ್ಷಿಸತಕ್ಕದ್ದು.

ಕಾಗದಕ್ಕೆ ನಿಲುಕದ ಬಣ್ಣಗಳನ್ನು ಏನು ಮಾಡಬೇಕೆಂಬುದಕ್ಕೂ ಎರಡು ಮುಖ್ಯ ಮಾರ್ಗಗಳುಂಟು. ತಾರಸ್ಥಾಯಿ ಮುಟ್ಟದ ಗಾಯಕನು ಶ್ರುತಿಯನ್ನೇ ಇಳಿಸಿ ಹಾಡಿದರೆ ಸ್ವರಗಳ ಸಂಬಂಧ ಉಳಿಯುತ್ತದೆ. ಪರ್ಸೆಪ್ಚುಯಲ್ ಎಂಬ ಮಾರ್ಗ ಅಂತಹುದು. ಶ್ರುತಿಯನ್ನು ಹಾಗೆಯೇ ಇರಿಸಿಕೊಂಡು, ನಿಲುಕದ ಸ್ವರ ಬಂದಾಗ ಮಾತ್ರ ಸಮೀಪದ ಸ್ವರದಲ್ಲಿ ನಿಲ್ಲುವುದು ಎರಡನೆಯದು. ಅದಕ್ಕೆ ರಿಲೇಟಿವ್ ಕಲರಿಮೆಟ್ರಿಕ್ ಎನ್ನುವರು. ರೇಷ್ಮೆಸೀರೆ, ಹೂಮಾಲೆಗಳಿಂದ ತುಂಬಿದ ಚಿತ್ರಕ್ಕೆ ಮೊದಲನೆಯದು, ಮುಖವೇ ಪ್ರಧಾನವಾದ ಚಿತ್ರಕ್ಕೆ ಎರಡನೆಯದು ಸಾಮಾನ್ಯವಾಗಿ ಒಪ್ಪುತ್ತದೆ.

ಕಾಗದ ಮತ್ತು ಶಾಯಿ

ಬರೆಯುವ ಕಾಗದದ ನಾರು ಶಾಯಿಯನ್ನು ಹೀರಿ ಹರಡುತ್ತದೆ. ಆದುದರಿಂದ ಅದರಲ್ಲಿ ಎಷ್ಟು ತಿದ್ದಿದರೂ ಬಣ್ಣ ಏಳದು. ಛಾಯಾಚಿತ್ರದ ಕಾಗದಕ್ಕೆ ಅತಿ ಸಣ್ಣ ರಂಧ್ರಗಳುಳ್ಳ ಲೇಪವಿರುತ್ತದೆ. ಶಾಯಿಯ ಹನಿ ಹರಡದೆ ಅಲ್ಲಿಯೇ ನಿಲ್ಲುತ್ತದೆ. ಲೇಪ ಯಾವ ಬದಿಗಿದೆಯೆಂದು ತಿಳಿಯದಿದ್ದರೆ ತುಸು ಒದ್ದೆಯಾದ ಬೆರಳನ್ನು ಮೂಲೆಗೆ ಮುಟ್ಟಿಸಬೇಕು. ಅಂಟಿದ ಬದಿಯೇ ಮುದ್ರಿಸುವ ಬದಿ. ಮಳೆಗಾಲದಲ್ಲಿ ಕಾಗದವನ್ನು ಅದರ ಪೊಟ್ಟಣದೊಳಗೇ ಇಡಬೇಕು.

ಯಾವ ಕಾಗದ ಹಾಕಿದೆಯೆಂಬುದನ್ನು ಪ್ರಿಂಟರಿಗೆ ಸರಿಯಾಗಿ ತಿಳಿಸುವುದು ಅತ್ಯವಶ್ಯ. ಎಷ್ಟು ಶಾಯಿ ಸುರಿಯಬೇಕೆಂಬುದನ್ನು ಯಂತ್ರವು ಈ ಆಯ್ಕೆಯಿಂದಲೇ ನಿರ್ಧರಿಸುತ್ತದೆ. ಹೊಳಪು ಕಾಗದ ಹಾಕಿ ಸಾದಾ ಕಾಗದವೆಂದು ಬಿಟ್ಟರೆ ಮಸಕು ಚಿತ್ರ ನಿಶ್ಚಿತ. ಅಲ್ಲದೆ ಅನೇಕ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಶಾಯಿ ಅಕ್ಷರ ಮುದ್ರಣಕ್ಕೆಂದು ಮಾಡಿದ ಬೇರೆ ಜಾತಿಯದು. ಹೊಳಪು ಕಾಗದದ ಮೇಲೆ ಅದು ಹಿಡಿಯದ ಕಾರಣ ಯಂತ್ರವು ಮೂರು ಬಣ್ಣಗಳನ್ನು ಬೆರೆಸಿಯೇ ಕಪ್ಪನ್ನು ಮಾಡುತ್ತದೆ. ಅಂತಹ ಯಂತ್ರದಿಂದ ಗಾಢವಾದ ಕಪ್ಪನ್ನು ಅಪೇಕ್ಷಿಸಲಾಗದು. ಆರು ಶಾಯಿಗಳ ಯಂತ್ರಗಳಲ್ಲಿ ತಿಳಿಯಾದ ಸಯಾನ್ ಮತ್ತು ಮಜೆಂಟಾಗಳೂ ಇರುವುದರಿಂದ ಕೆನ್ನೆಯ ನಯವಾದ ಇಳಿಜಾರು ಚೆನ್ನಾಗಿ ಬರುತ್ತದೆ. ಯಂತ್ರದ ತಯಾರಕರದಲ್ಲದ ಶಾಯಿಯನ್ನು ತುಂಬಿದರೆ ಹಳೆಯ ಪ್ರೊಫೈಲ್ ಸಲ್ಲದು. ನಿಘಂಟು ಒಂದು ಭಾಷೆಯದು, ಮಾತು ಇನ್ನೊಂದರದು ಎಂಬಂತಾಗುತ್ತದೆ.

ಮುದ್ರಿಸುವ ಮೊದಲು ಶಾಯಿಯ ಸೂಕ್ಷ್ಮರಂಧ್ರಗಳನ್ನು ಪರೀಕ್ಷಿಸುವ ನಾಝಲ್ ಚೆಕ್ ಮಾಡಿ, ಗೆರೆಗಳು ತುಂಡಾಗಿವೆಯೇ ಎಂದು ನೋಡಬೇಕು. ವಾರಗಟ್ಟಲೆ ಬಳಸದ ಯಂತ್ರದಲ್ಲಿ ಶಾಯಿ ಒಣಗಿ ರಂಧ್ರ ಮುಚ್ಚುತ್ತದೆ. ಮಜೆಂಟಾ ನಿಂತರೆ ಮುಖ ಹಸಿರಾಗುತ್ತದೆ. ಸಯಾನ್ ನಿಂತರೆ ಕೆಂಪೇರುತ್ತದೆ. ಹಳದಿ ನಿಂತರೆ ನೀಲಿಗೆ ತಿರುಗುತ್ತದೆ. ಅಜ್ಜಿಯ ಮುಖ ಹಸಿರಾದುದಕ್ಕೆ ಎಷ್ಟೋ ವೇಳೆ ಇಷ್ಟೇ ಕಾರಣ. ವಾರಕ್ಕೊಮ್ಮೆ ಒಂದು ಬಣ್ಣದ ಹಾಳೆ ಮುದ್ರಿಸುವ ರೂಢಿಯಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಚಿತ್ರದ ಗಾತ್ರವೂ ಗಮನಿಸತಕ್ಕದ್ದು. ಅಂಗುಲಕ್ಕೆ 300 ಬಿಂದುಗಳಂತೆ 4×6 ಅಂಗುಲದ ಚಿತ್ರಕ್ಕೆ 1200×1800, ಎ4 ಹಾಳೆಗೆ 2480×3508 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ತಲಪುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲವು ಹಾಗೆಯೇ ತಲಪುತ್ತದೆ. ದೂರದ ಊರಿನ ಬಂಧುಗಳಿಂದ ಹಿರಿಯರ ಚಿತ್ರ ತರಿಸಿಕೊಳ್ಳುವವರು ಇದನ್ನು ಮರೆಯಬಾರದು.

ಪರೀಕ್ಷಾಮುದ್ರಣ

ಹಳೆಯ ಸ್ಟುಡಿಯೋದವರು ದೊಡ್ಡ ಕಾಗದ ಹಾಳುಮಾಡುವ ಮೊದಲು ಸಣ್ಣ ಪಟ್ಟಿಯಲ್ಲಿ ಪರೀಕ್ಷೆ ಮಾಡುತ್ತಿದ್ದರು. ಆ ಕ್ರಮ ಇಂದಿಗೂ ಶ್ರೇಷ್ಠ. ಚಿತ್ರದಿಂದ ಮುಖದ ಭಾಗವನ್ನು ಮಾತ್ರ ಕತ್ತರಿಸಿ, ಒಂದೇ 4×6 ಕಾಗದದಲ್ಲಿ ಒಂಬತ್ತು ಸಣ್ಣ ಮುಖಗಳನ್ನು ಜೋಡಿಸಬೇಕು. ನಡುವಿನದು ತಿದ್ದದ ಮುಖ. ಸುತ್ತಲಿನ ಆರರಲ್ಲಿ ಕ್ರಮವಾಗಿ ಕೆಂಪು, ಸಯಾನ್, ಹಸಿರು, ಮಜೆಂಟಾ, ನೀಲಿ, ಹಳದಿಗಳನ್ನು ತುಸು ಹೆಚ್ಚಿಸಿ, ಉಳಿದೆರಡರಲ್ಲಿ ಒಂದನ್ನು ಬೆಳಕಾಗಿಯೂ ಇನ್ನೊಂದನ್ನು ಕತ್ತಲಾಗಿಯೂ ಮಾಡಿ, ಪ್ರತಿಯೊಂದರ ಕೆಳಗೂ ಮಾಡಿದ ಬದಲಾವಣೆಯನ್ನು ಬರೆಯಬೇಕು. ಕೆಂಪಿಗೆ ಸಯಾನ್, ಹಸಿರಿಗೆ ಮಜೆಂಟಾ, ನೀಲಿಗೆ ಹಳದಿ ಪ್ರತಿಪಕ್ಷವೆಂಬುದನ್ನು ನೆನಪಿಟ್ಟರೆ ತಿದ್ದುಪಡಿಯ ದಿಕ್ಕು ತಿಳಿಯುತ್ತದೆ. ಆ ವ್ಯಕ್ತಿಯನ್ನು ಚೆನ್ನಾಗಿ ಬಲ್ಲ ಮನೆಯ ಹಿರಿಯರಿಗೆ ಈ ಒಂಬತ್ತನ್ನು ತೋರಿಸಿ ಕೇಳಬೇಕು. ಯಾವ ಪ್ರೊಫೈಲೂ ಅರಿಯದ ಸಂಗತಿಯನ್ನು ಅವರು ಅರಿತಿರುತ್ತಾರೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕಾಗದದ ಹೆಸರು, ಆಯ್ಕೆಗಳು, ಫಲಿತಾಂಶ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮುದ್ರಿಸಿದೊಡನೆ ತೀರ್ಪು ಕೊಡಬಾರದು. ಶಾಯಿ ಒಣಗಿ ಬಣ್ಣ ನೆಲೆಗೊಳ್ಳಲು ಕೆಲವು ತಾಸು ಬೇಕು. ಗಾಜಿನ ಕಟ್ಟಿನೊಳಗೆ ಇಡುವುದಾದರೆ ಒಂದು ಹಗಲು ಒಂದು ರಾತ್ರಿ ಒಣಗಿಸುವುದು ಲೇಸು.

ತೀರ್ಪು ಕೊಡುವ ಸ್ಥಳವೂ ಮುಖ್ಯ. ಅರಿವೆ ಅಂಗಡಿಯಲ್ಲಿ ಸೀರೆ ಆರಿಸುವ ಹೆಂಗಸರು ಅದನ್ನು ಬಾಗಿಲಿಗೆ ತಂದು ಹಗಲಿನಲ್ಲಿ ನೋಡದೆ ಒಪ್ಪುವುದಿಲ್ಲ. ಅದರ ಹಿಂದೆ ಶುದ್ಧವಾದ ವಿಜ್ಞಾನವಿದೆ. ಒಂದು ಬೆಳಕಿನಲ್ಲಿ ಸಮನಾಗಿ ಕಾಣುವ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಅಗ್ಗದ ಎಲ್‌ಇಡಿ ದೀಪಗಳಲ್ಲಿ, ಮುಖ್ಯವಾಗಿ ಕೆಂಪಿನಲ್ಲಿ, ಈ ಮೋಸ ಹೆಚ್ಚು. ಮುದ್ರಣೋದ್ಯಮದವರು ಚಿತ್ರ ಪರೀಕ್ಷಿಸಲು 5000 ಕೆಲ್ವಿನ್ನಿನ ಪ್ರಮಾಣಿತ ಬೆಳಕನ್ನು ಬಳಸುತ್ತಾರೆ. ಮನೆಯಲ್ಲಿ ಕಿಟಕಿಯ ಬಳಿ ಬೀಳುವ, ನೇರ ಬಿಸಿಲಲ್ಲದ ಹಗಲು ಬೆಳಕು ಸಾಕು. ಕೊನೆಗೆ, ಚಿತ್ರ ತೂಗುವ ಗೋಡೆಯ ಬೆಳಕಿನಲ್ಲಿಯೂ ಒಮ್ಮೆ ನೋಡಬೇಕು.

ಕಪ್ಪುಬಿಳುಪಿನ ಗುಂಪುಚಿತ್ರಗಳು

ಶಾಲೆಗಳಲ್ಲಿರುವ ಹಳೆಯ ಗುಂಪುಚಿತ್ರಗಳು ಬಹುಪಾಲು ಕಪ್ಪುಬಿಳುಪಿನವು. ಅವುಗಳ ಕಪ್ಪು ಬೆಳ್ಳಿಯ ಕಣಗಳದು. ಅವನ್ನು ಸ್ಕ್ಯಾನ್ ಮಾಡಿ ಮನೆಯ ಯಂತ್ರದಲ್ಲಿ ಮುದ್ರಿಸಿದಾಗ ಮೂರು ಬಣ್ಣಗಳ ಮಿಶ್ರಣದಿಂದ ಬೂದು ಹುಟ್ಟಬೇಕಾದ ಕಾರಣ ಎಲ್ಲಿಯೋ ಹಸಿರು, ಎಲ್ಲಿಯೋ ನೇರಳೆ ಇಣುಕುತ್ತದೆ. ಯಂತ್ರದ ಸಮತೋಲ ಹೇಗಿದೆಯೆಂಬುದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆಯಿಲ್ಲ. ಹೊಳಪಿಲ್ಲದ ಲೇಪಕಾಗದವನ್ನು ಬಳಸಿ, ಕಪ್ಪು ಶಾಯಿ ಮಾತ್ರ ಎಂಬ ಆಯ್ಕೆಯಿದ್ದರೆ ಅದರಿಂದ ಮುದ್ರಿಸಿದಾಗ ಕಣಗಳು ತುಸು ಒರಟಾಗಿ ಕಂಡರೂ ಬೂದು ಶುದ್ಧವಾಗಿರುತ್ತದೆ.

ಬಾಳಿಕೆ

ಸರಿಯಾಗಿ ಬಂದ ಬಣ್ಣ ಉಳಿಯಬೇಕು. ನೀರಿನಲ್ಲಿ ಕರಗಿದ ಶಾಯಿಯು ಬೆಳಕಿನಿಂದಲೂ ಗಾಳಿಯಲ್ಲಿರುವ ಓಜೋನಿನಿಂದಲೂ ಮಾಸುತ್ತದೆ. ತೆರೆದ ಗೋಡೆಯ ಮೇಲೆ ಕೆಲವೇ ವರ್ಷಗಳಲ್ಲಿ, ಒಮ್ಮೊಮ್ಮೆ ತಿಂಗಳುಗಳಲ್ಲಿಯೇ, ಕಳೆಗುಂದುವುದುಂಟು. ಘನಕಣಗಳುಳ್ಳ ಪಿಗ್ಮೆಂಟ್ ಶಾಯಿ ಬಹುಕಾಲ ತಾಳುತ್ತದೆ. ಯಾವ ಶಾಯಿಯಾದರೂ ಗಾಜಿನ ಹಿಂದೆ, ಬಿಸಿಲು ತಾಗದ, ತೇವವಿಲ್ಲದ ಗೋಡೆಯ ಮೇಲಿದ್ದರೆ ಆಯುಷ್ಯ ಹೆಚ್ಚು. ಗಾಜಿಗೆ ಚಿತ್ರ ಅಂಟಿಕೊಳ್ಳದಂತೆ ನಡುವೆ ರಟ್ಟಿನ ಅಂಚು ಕೊಡಬೇಕು. ಮೂಲ ಚಿತ್ರವನ್ನು ತಿದ್ದದ ರೂಪದಲ್ಲಿಯೇ ಎರಡು ಕಡೆ ಉಳಿಸಬೇಕು. ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಹಿಂಬದಿಯ ರಟ್ಟಿನ ಮೇಲೆ ಬರೆಯಬೇಕು. ಬಣ್ಣ ಉಳಿದು ಹೆಸರು ಅಳಿದ ಚಿತ್ರಗಳು ಎಷ್ಟೋ ಶಾಲೆಗಳ ಕಪಾಟುಗಳಲ್ಲಿವೆ.

ಉಪಾಧ್ಯಾಯರಿಗೆ ಇದರಲ್ಲಿ ಒಂದು ಪಾಠವೂ ದೊರೆಯುತ್ತದೆ. ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ಮೊದಲು ತೆರೆಯನ್ನೂ ಬಳಿಕ ಮುದ್ರಿತ ಚಿತ್ರವನ್ನೂ ನೋಡಿಸಿದರೆ, ಒಂದರಲ್ಲಿ ಕೆಂಪು, ಹಸಿರು, ನೀಲಿ ಕಿಡಿಗಳೂ ಇನ್ನೊಂದರಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕೆಗಳೂ ಗೋಚರಿಸುತ್ತವೆ. ಕೂಡಿಸುವ ಬಣ್ಣ, ಕಳೆಯುವ ಬಣ್ಣ ಎಂಬ ಭೇದವು ಹೀಗೆ ಕಣ್ಣಿಗೇ ಕಂಡ ಮೇಲೆ ಮರೆತುಹೋಗದು. ತಮ್ಮ ಮನೆಯ ಹಿರಿಯರೊಬ್ಬರ ಚಿತ್ರವನ್ನು ತರಿಸಿ, ಒಂಬತ್ತು ಮುಖಗಳ ಪರೀಕ್ಷೆಯನ್ನು ಮಕ್ಕಳಿಂದಲೇ ಮಾಡಿಸಿ, ಸರಿಯಾದುದನ್ನು ಆರಿಸಲು ಮನೆಗೆ ಒಯ್ಯಹೇಳಿದರೆ ಇನ್ನೂ ಉತ್ತಮ. ಅಜ್ಜಿಯ ಮುಖದ ನಿಜವಾದ ಬಣ್ಣ ಯಾವುದೆಂದು ಅವಳನ್ನು ಬಲ್ಲವರೊಡನೆ ಕುಳಿತು ಚರ್ಚಿಸಿದ ಮಗುವಿಗೆ, ಗೋಡೆಯ ಮೇಲೆ ಏರುವ ಆ ಚಿತ್ರ ಬರಿಯ ಕಾಗದವಾಗಿ ಉಳಿಯಲಾರದು.